ಮೇಷ್ಟ್ರನ್ನು ಕಳೆದರೆ ಟಗರು

2025ರ ಫೆಬ್ರವರಿ 28, ಶುಕ್ರವಾರ, ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಟಗರು ತೂಕದ ಯಂತ್ರದ ಮೇಲೆ ನಾಲ್ಕನೇ ಸಲ ಕಾಲಿಟ್ಟು, ನಾಲ್ಕನೇ ಸಲ ಜಾರಿ, ಸೋಮೇಶ್ ಮೇಷ್ಟ್ರ ಪಾದದ ಮೇಲೆ ಕೂತುಬಿಟ್ಟಿತು.

ಅಂದು ವಿಜ್ಞಾನ ದಿನ. ಆಂಧ್ರ ಗಡಿಯ ಹಾಲಹರವಿಯ ಆಚೆಗಿನ ಊರೊಂದರ ಕನ್ನಡ ಶಾಲೆಯ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಶಾಲೆಯ ಖೋ ಖೋ ಹುಡುಗಿಯರು ಮಂಡಲ ಮಟ್ಟದಲ್ಲಿ ಗೆದ್ದು ಕರ್ನೂಲಿಗೆ ಆಡಲು ಹೊರಟಿದ್ದರು, ಆದರೆ ಒಬ್ಬಳ ಕಾಲಿಗೂ ಬೂಟಿರಲಿಲ್ಲ. ಬರೀ ಚಂದಾ ಕೇಳಿದರೆ ಊರವರಿಗೆ ತಟ್ಟನೆ ಹೊಲದ ಕೆಲಸ ನೆನಪಾಗುತ್ತದೆ. ಅದಕ್ಕೆ ವಿಜ್ಞಾನದ ಮೇಷ್ಟ್ರಾದ ಸೋಮೇಶ್ ಒಂದು ಉಪಾಯ ಹೂಡಿದ್ದರು. ಇಪ್ಪತ್ತು ರೂಪಾಯಿ ಕೊಟ್ಟು ಟಗರಿನ ತೂಕ ಊಹಿಸಿ ಚೀಟಿ ಬರೆಯಬೇಕು. ಸಂಜೆ ನಾಲ್ಕಕ್ಕೆ ಎಲ್ಲರೆದುರು ತೂಗುವುದು. ಹತ್ತಿರ ಬಂದವರಿಗೆ ಟಗರು, ಹುಡುಗಿಯರಿಗೆ ಬೂಟು.

ಟಗರು ಕೊಟ್ಟವರು ಕುರಿ ಸಾಕುವ ಗಾದಿಲಿಂಗಪ್ಪ. ತಂಡದ ನಾಯಕಿ ಶಿವಲೀಲಾ ಅವರ ಮೊಮ್ಮಗಳು. "ಮೂವತ್ತನಾಲ್ಕೂವರಿ ಕಿಲೋ ಐತಿ, ಹಂಗ ಬರಕೊಳ್ರಿ" ಎಂದು ಅವರು ಎಲ್ಲರಿಗೂ ಬಾಯಿಬಿಟ್ಟು ಹೇಳಿದ್ದರು. ಆದರೆ ಕುರಿಯವರು ಹೇಳಿದ ತೂಕವನ್ನು ಯಾರು ನಂಬುತ್ತಾರೆ? ಅರ್ಧ ಊರು ರೂಢಿಯ ಪ್ರಕಾರ ಮೂರ್ನಾಲ್ಕು ಕಿಲೋ ಇಳಿಸಿ ಬರೆಯಿತು. ಇನ್ನರ್ಧ, ಇವತ್ತು ಮಾರುತ್ತಿಲ್ಲವಲ್ಲ, ಬೇಕಂತಲೇ ಕಡಿಮೆ ಹೇಳಿದ್ದಾರೆ ಎಂದು ಏರಿಸಿ ಬರೆಯಿತು.

ಎಲ್ಲ ಸರಿಯಾಗಿತ್ತು, ಸಂಜೆಗೆ ಮೊದಲೊಮ್ಮೆ ನಿಲ್ಲಿಸಿ ನೋಡೋಣವೆಂದರೆ ಆರೋಗ್ಯ ಕೇಂದ್ರದಿಂದ ಕಡ ತಂದ ಯಂತ್ರದ ಗಾಜಿನ ಮೇಲೆ ಗೊರಸು ನಿಲ್ಲಲಿಲ್ಲ, ಅಷ್ಟೆ. ಕಾಲು ಕಟ್ಟಿ ಕೊಕ್ಕೆಗೆ ತೂಗುಹಾಕೋಣವೆಂದು ಯಾರೋ ಅಂದರು. ಮನೆ ಮಗನ ಹಾಗೆ ಸಾಕಿದವನನ್ನು ತಲೆಕೆಳಗು ಮಾಡಿದರೆ ಟಗರು ವಾಪಸ್ ಒಯ್ಯುತ್ತೇನೆಂದರು ಗಾದಿಲಿಂಗಪ್ಪ.

"ನಾನ ಎತ್ತಿಕೊಂಡು ನಿಲ್ತೀನಿ ತಗೋರಿ," ಎಂದರು ಸೋಮೇಶ್. "ಒಟ್ಟು ತೂಕದಾಗ ನನ್ನ ಕಳೀರಿ. ಉಳಿದದ್ದು ಟಗರು."

ಹೆಡ್ ಮೇಡಂ ಮಹಾಲಕ್ಷ್ಮಿ ಅಲ್ಲೇ ಅವರೊಬ್ಬರನ್ನೇ ಯಂತ್ರದ ಮೇಲೆ ನಿಲ್ಲಿಸಿ, ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಮೇಷ್ಟ್ರು 71.5.

ಆ ಅಂಕಿ ಕಂಡು ಸೋಮೇಶರಿಗೆ ಎದೆ ಉಬ್ಬಿತು. ಮೂರು ತಿಂಗಳ ಹಿಂದೆ ಆದೋನಿಯ ಡಾಕ್ಟರು, ಸಕ್ಕರೆ ಕಾಯಿಲೆ ಬೇಲಿಯ ಮೇಲೆ ಕೂತಿದೆ, ಮೈ ಇಳಿಸಿ ಎಂದಿದ್ದರು. ಅಂದಿನಿಂದ ಹೆಂಡತಿ ಗಂಗೋತ್ರಿ ಮನೆಯಲ್ಲಿ ರಾಗಿ ಅಂಬಲಿ, ಮೆಂತ್ಯ ಸೊಪ್ಪು, ಸಕ್ಕರೆಯಿಲ್ಲದ ಚಹಾದ ರಾಜ್ಯಭಾರ ಹೂಡಿದ್ದಳು. ನಾಳೆ ಬೆಳಿಗ್ಗೆ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ತೂಕ ಎಪ್ಪತ್ತೆರಡರ ಒಳಗಿದ್ದರೆ ಭಾನುವಾರ ಹೋಳಿಗೆ. ಮೀರಿದರೆ ಇನ್ನೂ ಮೂರು ತಿಂಗಳು ಅಂಬಲಿ, ಅದೂ ಎರಡು ಹೊತ್ತು. ಗಂಗೋತ್ರಿ ಹೇಳಿದ ಮಾತಿಗೆ ಮೇಲ್ಮನವಿ ಇರಲಿಲ್ಲ.

ಒಂಬತ್ತು ಗಂಟೆಯೊಳಗೆ ಊರಿಗೆ ವಿಜ್ಞಾನ ಅರ್ಥವಾಗಿತ್ತು. ಮೇಷ್ಟ್ರು ಇಷ್ಟು ವರ್ಷ ಹೇಳಿದ ಯಾವ ಪಾಠವೂ ಅಷ್ಟು ಬೇಗ ಊರಿನ ತಲೆಗೆ ಹತ್ತಿರಲಿಲ್ಲ: ಹಲಗೆಯ ಅಂಕಿ ಹಾಗೇ ಇದ್ದರೆ, ಮೇಷ್ಟ್ರ ಹೊಟ್ಟೆಗೆ ಹೋದದ್ದೆಲ್ಲ ಟಗರಿನ ತೂಕ.

ಚಹಾದಂಗಡಿಯ ಜಂಬಯ್ಯ ಮೂವತ್ತೆಂಟು ಎಂದು ಬರೆದಿದ್ದ. ಅವನು ಸೋಮೇಶರ ಕೈಹಿಡಿದು ಕೂರಿಸಿ, ಮಂಡಕ್ಕಿ ಒಗ್ಗರಣಿ-ಮಿರ್ಚಿ ಮುಂದಿಟ್ಟು, ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿದ ಚಹಾ ಕೊಟ್ಟ. "ರೊಕ್ಕದ ಮಾತ ಬ್ಯಾಡ್ರಿ ಸಾರ್. ವಿಜ್ಞಾನ ದಿನ ವರ್ಷಕ್ಕ ಒಮ್ಮಿ ಬರೂದು."

ನಾಲ್ಕಕ್ಕೆ ನನ್ನನ್ನೂ ಮತ್ತೊಮ್ಮೆ ತೂಗುತ್ತಾರೆ ಮಾರಾಯ, ಇದೆಲ್ಲ ವ್ಯರ್ಥ ಎಂದು ಹೇಳುವುದು ಸೋಮೇಶರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದೇ ನಾಲಿಗೆಯ ತುದಿಗೆ ಮಿರ್ಚಿಯೂ ಬಂತು. ಮೂರು ತಿಂಗಳ ಮೇಲೆ ಬಂದ ಮಿರ್ಚಿ. ಅವರು ವೈಜ್ಞಾನಿಕವಾಗಿ ಯೋಚಿಸಿದರು: ಹೇಗೂ ಮತ್ತೆ ತೂಗುವುದರಿಂದ ತಾನು ತಿಂದರೆ ಟಗರಿಗೆ ದೋಷವಿಲ್ಲ. ತನಗೆ ಏನಾಗುತ್ತದೆ ಎಂಬ ಕಡೆಗೆ ಯೋಚನೆ ಹರಿಯಲಿಲ್ಲ.

ಎರಡನೇ ತಟ್ಟೆಯನ್ನು ಡ್ರಿಲ್ ಮೇಷ್ಟ್ರು ಸುಂಕೇಶ ಕಸಿದುಕೊಂಡ. ಅವನದು ಮೂವತ್ತೊಂದು. ಹುಡುಗಿಯರ ಅಭ್ಯಾಸಕ್ಕೆ ಒಬ್ಬರು ಕಡಿಮೆ ಇದ್ದಾರೆಂದು ಸೋಮೇಶರನ್ನು ಬಿಸಿಲಿಗೆ ಎಳೆದೊಯ್ದ. ಶಿವಲೀಲಾ ಹದ್ದು ಕೋಳಿಮರಿಯನ್ನು ಅಟ್ಟಿದ ಹಾಗೆ ಅವರನ್ನು ಅಟ್ಟಿದಳು. ಅರ್ಧ ಗಂಟೆಗೆ ಮೇಷ್ಟ್ರ ಅಂಗಿ ಹಿಂಡುವ ಹಾಗಾಯಿತು. ಸುಂಕೇಶನ ಮುಖ ಅರಳಿತು. ಆದರೆ ಅಂಗಳದ ಅಂಚಿನಲ್ಲಿ ಏರಿಸಿ ಬರೆದವರು ಮಜ್ಜಿಗೆಯ ಕೊಡ ಹಿಡಿದು ಕಾದಿದ್ದರು. ಕಳೆದದ್ದೆಲ್ಲ ಬಡ್ಡಿ ಸಮೇತ ಒಳಗೆ ಹೋಯಿತು.

ಆಮೇಲೆ ನಡೆದದ್ದು ಯುದ್ಧ. ಸುಂಕೇಶ ಅವರನ್ನು ಕ್ಷೌರದಂಗಡಿಗೆ ಕರೆದೊಯ್ದು, ಕೂದಲಿಗೂ ತೂಕವಿದೆಯೆಂದು ಬುಡಕ್ಕೆ ಕತ್ತರಿ ಹಾಕಿಸಿದ, ಮೀಸೆಗೂ ಹಾಕಿಸುವವನಿದ್ದ. ಅಲ್ಲಿಂದ ಬಿಡಿಸಿಕೊಂಡು ಬಂದರೆ ಗಾದಿಲಿಂಗಪ್ಪನ ಹೆಂಡತಿ ಉಚ್ಚಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಟಗರು ಕೊಟ್ಟ ಮನೆಯವರಿಗೆ ಚೀಟಿ ಬರೆಯುವ ಹಕ್ಕಿರಲಿಲ್ಲವಾದರೂ ಗಂಡನ ಟಗರು ಕಡಿಮೆ ತೂಗಿದರೆ ಮನೆತನದ ಮರ್ಯಾದೆ ಹೋಗುತ್ತದೆಂದು ಅವಳ ಲೆಕ್ಕ. ತುಪ್ಪದಲ್ಲಿ ಈಜುವ ಹೋಳಿಗೆ ಬಡಿಸಿದಳು. ಒಂದು ಬೇಡವೆಂದರೆ ಎರಡು ಬಿತ್ತು. ಊಟದ ನಂತರ ಅವರು ಹಿತ್ತಲ ಕಡೆ ಹೊರಟರೆ ಜಂಬಯ್ಯ ಅಡ್ಡ ನಿಂತು, "ನಾಕ ಗಂಟಿ ತನಕ ತಡಕೋರಿ ಸಾರ್, ಊರಿನ ಮಾತು" ಎಂದ.

ಮೂರೂವರೆಗೆ, ತುಂಬಿದ ಹತ್ತಿ ಲಾರಿಯ ಹಾಗೆ ವಾಲುತ್ತ ಶಾಲೆಗೆ ಬಂದರೆ ಚೀಟಿಯ ಮೇಜಿನ ಹತ್ತಿರ ಗಂಗೋತ್ರಿ. ಸಾವಕಾಶ ಏನೋ ಬರೆದು, ಮಡಿಸಿ, ಡಬ್ಬಿಗೆ ಹಾಕಿದಳು.

"ನೀನೂ?" ಎಂದರು ಸೋಮೇಶ್.

"ಹುಡುಗೀರ ಬೂಟಿಗೆ ನಾನೂ ಇಪ್ಪತ್ತು ರೂಪಾಯಿ ಕೊಡಬ್ಯಾಡೇನ್ರಿ?" ಸಂತೆಯಲ್ಲಿ ಚೀಲ ನೋಡುವ ಹಾಗೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅಂಬಲಿ ಆರಿ ತಣ್ಣಗಾತು. ಬರಲೇ ಇಲ್ಲ."

"ಕೆಲಸ ಇತ್ತು."

"ಮೀಸಿಗೆ ತುಪ್ಪ ಹತ್ತೇತಿ, ಒರಸ್ಕೋರಿ," ಎಂದು ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ಆಗ ಸೋಮೇಶರಿಗೆ ಹೊಳೆಯಿತು. ಮತ್ತೆ ತೂಗುವುದೆಂದರೆ ಈ ಮುಂದಿನ ಸಾಲಿನೆದುರು ತಾನೊಬ್ಬನೇ ಯಂತ್ರ ಹತ್ತುವುದು. ಹೋಳಿಗೆಯ ಭಾನುವಾರ ಕಣ್ಣೆದುರೇ ಕರಗಿತು.

ನಾಲ್ಕಕ್ಕೆ ಅವರು ಟಗರನ್ನು ಎತ್ತಿಕೊಂಡು ನಿಂತರು. ಅದು ಅವರ ಮೀಸೆಯ ತುಪ್ಪ ನೆಕ್ಕಿತು. ಯಂತ್ರ 108.2 ತೋರಿಸಿತು.

"ಮೇಷ್ಟ್ರ, ನಿಮ್ಮ ತೂಕ ಇನ್ನೊಮ್ಮಿ ನೋಡಬೇಕೇನ್ರಿ?" ಎಂದರು ಮಹಾಲಕ್ಷ್ಮಿ. "ಬೆಳಿಗ್ಗಿ ನೋಡಿದ್ದು."

ಅವರ ಬೆನ್ನ ಹಿಂದೆ, ಸೋಮೇಶರೇ ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಅಕ್ಷರ ಹೊಳೆಯುತ್ತಿತ್ತು: ನಿಖರ ಅಳತೆಯೇ ವಿಜ್ಞಾನದ ತಳಪಾಯ. ಸೋಮೇಶ್ ಅದನ್ನು ನೋಡಿದರು, ಗಂಗೋತ್ರಿಯನ್ನು ನೋಡಿದರು.

"ಬ್ಯಾಡ್ರಿ ಮೇಡಂ. ಮನುಷ್ಯಾನ ತೂಕ ಒಂದು ದಿನಕ್ಕ ಎಲ್ಲಿ ಬದಲಾಗತೈತಿ."

ಕಳೆದಾಗ 36.7 ಬಂತು. ಗಾದಿಲಿಂಗಪ್ಪ ಟಗರಿನ ಬೆನ್ನು ಹಿಡಿದು ನೋಡಿ, "ಮುಂಜಾನಿಂದ ಬೆಳದಿ ಏನೋ?" ಎಂದು ಅದನ್ನೇ ಮೆಲ್ಲಗೆ ಕೇಳಿದರು.

ಮಹಾಲಕ್ಷ್ಮಿ ಚೀಟಿಗಳನ್ನು ಒಂದೊಂದಾಗಿ ಬಿಚ್ಚಿದರು. ಜಂಬಯ್ಯನದು ದೂರ, ಸುಂಕೇಶನದು ಬಹುದೂರ. ಕೊನೆಯ ಚೀಟಿಯಲ್ಲಿ 36.5 ಎಂದಿತ್ತು. ಹೆಸರು ಗಂಗೋತ್ರಿ.

ಗುಜುಗುಜು ಎದ್ದಿತು. "ಎತ್ತಿದವರು ಗಂಡ, ಗೆದ್ದವರು ಹೆಂಡತಿ. ಇದು ಮೋಸ," ಎಂದು ಸುಂಕೇಶ ನಿಂತ.

ಗಂಗೋತ್ರಿಯೂ ಎದ್ದಳು. "ಮೋಸ ಅಂದ್ರ ತನಿಖೆ ಮಾಡೂಣು. ಇವರಿಗೆ ಯಾರು ತಿನ್ನಿಸಿದ್ರಿ, ಯಾರು ಓಡಿಸಿದ್ರಿ, ಯಾರು ತಲಿ ಬೋಳಿಸಿದ್ರಿ, ಒಬ್ಬೊಬ್ಬರ ಮುಂದ ಬಂದು ಹೇಳ್ರಿ."

ಜಂಬಯ್ಯ ಸುಂಕೇಶನ ಅಂಗಿ ಜಗ್ಗಿ ಕೂರಿಸಿದ.

"ಅಲ್ರಿ, ಅಷ್ಟು ಹತ್ತಿರ ಹೆಂಗ ಹೇಳಿದ್ರಿ?" ಮಹಾಲಕ್ಷ್ಮಿಗೆ ತಡೆಯಲಾಗಲಿಲ್ಲ.

"ಗಾದಿಲಿಂಗಪ್ಪ ಮಾವ ಮೂವತ್ತನಾಲ್ಕೂವರಿ ಅಂದಿದ್ರು. ಪುಕ್ಕಟ ಕೊಡಾವರು ಸುಳ್ಳ್ಯಾಕ ಹೇಳ್ತಾರ? ಅದಕ್ಕ ಎರಡು ಕಿಲೋ ಕೂಡಿಸಿದೆ."

"ಆ ಎರಡು ಕಿಲೋ?"

"ಅದು ನಮ್ಮನಿಯವರು. ಹನ್ನೆರಡು ವರ್ಷ ಆತ್ರಿ ನೋಡಾಕತ್ತಿ, ಮುಂದಿಟ್ಟಿದ್ದನ್ನ ಒಂದು ದಿನಾನೂ ಬ್ಯಾಡ ಅಂದವರಲ್ಲ. ನಾನು ಮುಂದ ಕುಂತಿದ್ರ ಇನ್ನೊಮ್ಮಿ ತೂಗ್ರಿ ಅಂತಾನೂ ಅನ್ನಂಗಿಲ್ಲ."

ನಗು ಅಂಗಳ ದಾಟಿ ರಸ್ತೆಗೆ ಹೋಯಿತು. ಟಗರು ಶಾಲೆಗೇ ಇರಲಿ, ಬರುವ ಸಂತೆಯಲ್ಲಿ ಮಾರಿ ಹುಡುಗಿಯರ ಕರ್ನೂಲಿನ ಬಸ್ಸಿನ ಖರ್ಚಿಗೆ ಹಾಕಿರಿ ಎಂದಳು ಗಂಗೋತ್ರಿ. ಬೂಟಿಗೆ ಬೇಕಾದ ರೊಕ್ಕ ಡಬ್ಬಿಯಲ್ಲೇ ಇತ್ತು. ಸಂತೆಯ ತನಕ ಟಗರನ್ನು ಮೇಯಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಅವಳು ಗಂಡನ ಕಡೆ ಕೈ ತೋರಿಸಿದಳು: ದಿನಾ ಮುಂಜಾನೆ, ಹಳ್ಳದ ತನಕ, ನಡೆದುಕೊಂಡು.

"ಚಲೋ ಆತು," ಎಂದರು ಗಾದಿಲಿಂಗಪ್ಪ. "ತಿರಗಾಡಿದ್ರ ಬೊಜ್ಜು ಇಳೀತೈತಿ." ಯಾರದೆಂದು ಅವರು ಹೇಳಲಿಲ್ಲ.

ಸೋಮೇಶ್ ಮೆಲ್ಲಗೆ ಹಿತ್ತಲ ಕಡೆ ಜಾರುತ್ತಿದ್ದರು.

"ಎಲ್ಲಿಗಿ?" ಎಂದಳು ಗಂಗೋತ್ರಿ. "ಟಗರಿನ ಲೆಕ್ಕ ಮುಗೀತು. ಈಗ ನಮ್ಮನಿ ಲೆಕ್ಕ. ಹತ್ರಿ."

ಅವರು ಹತ್ತಿದರು. ಇಡೀ ಊರು ಯಂತ್ರದ ಮೇಲೆ ಬಾಗಿತು, ಟಗರೂ ಇಣುಕಿತು. ಮಹಾಲಕ್ಷ್ಮಿ ಅಭ್ಯಾಸಬಲದಿಂದ ಸೀಮೆಸುಣ್ಣ ಎತ್ತಿಕೊಂಡು, ಅಂಕಿ ನಿಲ್ಲುವವರೆಗೆ ಕಾದು, ಬೆಳಿಗ್ಗೆ ಬರೆದದ್ದರ ಕೆಳಗೆ ಬರೆದರು: 73.7 ಕಿಲೋ. ಗಾದಿಲಿಂಗಪ್ಪ ಅದನ್ನು 108.2ರಲ್ಲಿ ಕಳೆದು, "ನಾ ಹೇಳಿದ್ದ ಬಂತು ನೋಡ್ರಿ, ಮೂವತ್ತನಾಲ್ಕೂವರಿ" ಎಂದರು.