ಮೂರನೇ ಮೇಜಿನ ರೆಕಾರ್ಡ್ ಪ್ಲೇಯರ್ ಅವರ ಸನ್ನಿಧಾನಕ್ಕೆ

ಗ್ರಂಥಾಲಯದ ಎರಡನೇ ಮಹಡಿಯಲ್ಲಿ, ಸಂಗೀತ ಕೇಳುವ ಕೋಣೆಯ ಕಿಟಕಿ ಪಕ್ಕದಲ್ಲಿ ವಿರಾಜಮಾನರಾಗಿರುವ ತಮಗೆ, ನಡು ಬಗ್ಗಿಸಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಮುಳ್ಳು ಚೂಪಾಗಿಯೇ ಇದೆಯೆಂದೂ ನಂಬಿದ್ದೇನೆ. ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು, ಅಂದರೆ ಪರರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು. ನನ್ನದೇ ತಪ್ಪನ್ನು ನಾಲ್ಕು ಕಾಲಂ ಅಗಲಕ್ಕೆ ಅಚ್ಚು ಹಾಕಿಸಿದ ಕೀರ್ತಿ ಮಾತ್ರ ತಮ್ಮದು.

ಸ್ವರಗಳ ನಡುವೆ ‘ಟೋಪಿ ಕಳೆದುಕೊಂಡವನಂತೆ ನುಡಿಸಿರಿ’ ಎಂದೆಲ್ಲ ಸೂಚನೆ ಬರೆದಿಡುತ್ತಿದ್ದ ಒಬ್ಬ ತಿಕ್ಕಲು ಫ್ರೆಂಚ್ ಸಂಗೀತಗಾರನ ಪಿಯಾನೋ ರಚನೆಯ ಎರಡು ಧ್ವನಿಮುದ್ರಣಗಳನ್ನು ಹೋಲಿಸಿ ಬರೆಯುವಂತೆ, ವಿಮರ್ಶಕರು ರಜೆ ಹಾಕಿದ ವಾರ, ಸಂಪಾದಕರು ನನಗೆ ಅಪ್ಪಣೆ ಮಾಡಿದರು. ಒಂದು ರೆಕಾರ್ಡು ನನ್ನ ಅಕ್ಕನ ಮನೆಯಲ್ಲಿತ್ತು, ಅಲ್ಲೇ ಕೇಳಿದೆ. ಆಕೆ ಮೂವತ್ತು ವರ್ಷ ಮಕ್ಕಳಿಗೆ ಪಿಯಾನೋ ಕಲಿಸಿದವಳು. ಬೆರಳುಗಳು ಗಂಟುಕಟ್ಟಿದ ಮೇಲೆ ಕೇಳುವುದೊಂದೇ ಅವಳಿಗೆ ಉಳಿದಿದ್ದ ಸುಖ. ಇನ್ನೊಂದು ಗ್ರಂಥಾಲಯದ್ದು; ಅದರ ಹೊದಿಕೆಯ ಮೇಲೆ ಮೊದಲನೆಯದರ ವಾದಕಿಯೇ ನರೆಗೂದಲಿನಲ್ಲಿ ಕುಳಿತಿದ್ದಳು. ಅದನ್ನು ತಮ್ಮ ಸಮ್ಮುಖದಲ್ಲಿ ಕೇಳಿದೆ.

ಆಹಾ, ಏನು ಗಾಂಭೀರ್ಯ, ಏನು ನಿಧಾನ. ಮೊದಲನೆಯದು ಹರೆಯದ ಅವಸರ, ಎರಡನೆಯದು ಮಾಗಿದ ಬದುಕಿನ ಧ್ಯಾನ ಎಂದು ಬರೆದೆ. ಅಷ್ಟಕ್ಕೇ ಸುಮ್ಮನಿರದೆ, ಮೊದಲನೆಯದನ್ನು ಮೆಚ್ಚುವವರ ಕಿವಿ ಇನ್ನೂ ಹಣ್ಣಾಗಿಲ್ಲ ಎಂದೂ ಸೇರಿಸಿದೆ. ಅಕ್ಕ ಅದನ್ನು ಓದಿ ಹನ್ನೊಂದು ದಿನ ನನ್ನೊಡನೆ ಮಾತು ಬಿಟ್ಟಳು.

ಹನ್ನೆರಡನೆಯ ದಿನ ತನ್ನ ರೆಕಾರ್ಡನ್ನು ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲ ಕಂಬಿ ಹಿಡಿದು ಎರಡು ಮಹಡಿ ಹತ್ತಿ ಬಂದಳು, ಜೊತೆಗೆ ನನ್ನನ್ನೂ ಎಳೆತಂದಳು. ಅದನ್ನು ತಮ್ಮ ಮೇಲಿಟ್ಟ ಕೂಡಲೇ ಅದೂ ಧ್ಯಾನಕ್ಕೆ ಕುಳಿತಿತು.

“ಇದು ಧ್ಯಾನ ಅಲ್ಲ ಕಣೋ, ತಟ್ಟೆ ತಿರುಗಿಸೋ ಬೆಲ್ಟು ಸಡಿಲ. ಸ್ವರ ಕೂಡ ಎರಡು ಮೆಟ್ಟಿಲು ಕೆಳಗಿಳಿದಿದೆ,” ಎಂದಳು.

ಎರಡು ರೆಕಾರ್ಡುಗಳ ಮೇಲಿದ್ದ ಚೀಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆವು. ಅದೇ ವಾದಕಿ, ಅದೇ ಊರು, ಅದೇ ತಾರೀಖು; ಹೊದಿಕೆಯೊಂದೇ ಹೊಸದು. ಬೈಗುಳಕ್ಕೆ ಸಿದ್ಧನಾಗಿದ್ದ ನನಗೆ ಸಿಕ್ಕಿದ್ದು ಬೇರೆ ಮಾತು.

“ನೀನು ಬರೆದದ್ದು ಓದಿ, ಬೆರಳು ಹೋದ ಹಾಗೆ ನನ್ನ ಕಿವಿನೂ ಹೋಯ್ತು ಅಂದುಕೊಂಡಿದ್ದೆ,” ಎಂದವಳು ಅಲ್ಲೇ ಕುಳಿತು, ಗ್ರಂಥಪಾಲಕರು ಓಡಿಬರುವಷ್ಟು ನಕ್ಕಳು.

ಆದ್ದರಿಂದ ಮಾನ್ಯರೇ, ತಾವು ಸ್ವಹಸ್ತದಿಂದ ಅಕ್ಕನಿಗೊಂದು ಕ್ಷಮಾಪಣೆ ಪತ್ರ ಬರೆಯತಕ್ಕದ್ದು. ಕೈಯಿಲ್ಲವೆಂಬ ನೆಪವನ್ನು ಒಪ್ಪಲಾಗದು; ಕಿವಿಯಿಲ್ಲದೆ ನಾನು ವಿಮರ್ಶೆ ಬರೆದಿಲ್ಲವೇ?

ಇಂತಿ, ತಮ್ಮ ವೇಗಕ್ಕೆ ಈಗಲೂ ತಲೆದೂಗುತ್ತಿರುವ,
ತಮ್ಮ ವಿಶ್ವಾಸಿ

ತಾ.ಕ.: ನನ್ನ ವಿಮರ್ಶೆಯಿಂದ ಪ್ರಭಾವಿತರಾದ ಸಂಗೀತ ಶಾಲೆಯ ಪ್ರಾಂಶುಪಾಲರು ಆ ರಚನೆಯನ್ನು ತಾವು ನುಡಿಸಿದ ವೇಗದಲ್ಲೇ ಮಕ್ಕಳಿಗೆ ಕಲಿಸಿ, ಮೊನ್ನೆ ಕಛೇರಿ ಏರ್ಪಡಿಸಿದ್ದರು. ಸಭಿಕರೆಲ್ಲ ಕಣ್ಣು ಮುಚ್ಚಿದ್ದನ್ನು ಅವರು ತನ್ಮಯತೆ ಎಂದುಕೊಂಡಿದ್ದಾರೆ. ಮುಂದಿನ ಸಾಲಿನ ಗೊರಕೆ ಯಾವ ಸ್ವರದಲ್ಲಿತ್ತೆಂಬುದನ್ನು ಅಕ್ಕ ಖಚಿತವಾಗಿ ಹೇಳಬಲ್ಲಳು.