ಹಂಡೆ ಹೋಯಿತು, ಹಂಡೆ ಬಂತು

ಕಳ್ಳರಿಗೂ ಸ್ವಲ್ಪ ಮರ್ಯಾದೆ ಬೇಕು ಮಾರಾಯ್ರೇ! ನಾವು ಗಂಡ ಹೆಂಡತಿ ಸಾಲಿಗ್ರಾಮದಲ್ಲಿ ಮದುವೆ ಊಟ ಮುಗಿಸಿ ಬೈಂದೂರಿಗೆ ಮರಳುವಷ್ಟರಲ್ಲಿ ನಮ್ಮ ಮನೆಯ ಹಿಂಬಾಗಿಲು ಮುರಿದಿತ್ತು. ಒಳಗೆ ಬಂದವನು ನನ್ನ ಟಿವಿಯನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. (ಕಪ್ಪು-ಬಿಳುಪು ಎಂದ ಮಾತ್ರಕ್ಕೆ ಇಷ್ಟು ಅವಮಾನವೇ?) ಬಚ್ಚಲಿನ ಒಲೆಯ ಮೇಲಿದ್ದ ತಾಮ್ರದ ಹಂಡೆಯನ್ನು ಮಾತ್ರ ಎತ್ತಿಕೊಂಡು ಹೋಗಿದ್ದ.

ಅದು ಅಂತಿಂಥ ಹಂಡೆಯಲ್ಲ. ಉಪ್ಪುಂದದ ನನ್ನ ಮಾವ, ಮಗಳ ಮದುವೆಗೆ ಕೊಟ್ಟದ್ದು. ಭಾನುವಾರ ಮಾವನವರ ಸವಾರಿ ಚಿತ್ತೈಸುವುದಿತ್ತು. ಬಂದ ಕೂಡಲೇ ಅವರಿಗೆ ಸ್ನಾನವಾಗಬೇಕು, ಅದೂ ತಾವೇ ಕೊಟ್ಟ ಹಂಡೆಯ ಬಿಸಿನೀರಿನಲ್ಲಿ.

"ಅಪ್ಪಯ್ಯ ಬಪ್ಪುದ್ರೊಳ್ಗೆ ಹಂಡಿ ಬರ್ದಿದ್ರೆ ನಾ ಅವ್ರೊಟ್ಟಿಗೇ ಹೋತೆ, ಕಾಣಿ!" ಎಂದಳು ಹೆಂಡತಿ ಬಾಗಿ.

ಸ್ಟೇಷನ್ನಿಗೆ ಓಡಿದೆ. "ಹಂಡೆಯ ಗುರುತೇನು?" ಎಂದರು ಪೇದೆ. "ಕಪ್ಪಗಿದೆ, ಗುಂಡಗಿದೆ, ಹೊಟ್ಟೆ ದೊಡ್ಡದು" ಎಂದೆ. ಅವರು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿ, ಸಿಕ್ಕಿದರೆ ಹೇಳಿ ಕಳಿಸುತ್ತೇವೆ ಎಂದರು.

ಸರಿ, ಮೇಲಿನ ಕೋರ್ಟಿಗೇ ಹೋದೆ. ಊರ ದೈವ ಹಾಯ್ಗುಳಿಯ ಎದುರು ನಿಂತು, ಇನ್ನೊಬ್ಬರ ಸೊತ್ತು ಇಟ್ಟುಕೊಂಡವರ ಕೈ ಬಿದ್ದು ಹೋಗಲಿ ಎಂದು ದೂರು ಹೇಳಿಕೊಂಡೆ. ಆದರೆ ದೈವಕ್ಕೆ ಹೇಳಿದರೆ ಸಾಲದು, ಕಳ್ಳನ ಕಿವಿಗೂ ಬೀಳಬೇಕಲ್ಲ? ಮನೆಮನೆಗೆ ಮೀನು ತರುವ ಬೆಳ್ಳಿಗೆ, "ಯಾರಿಗೂ ಹೇಳ್ಬೇಡ" ಎಂದು ಒತ್ತಿ ಹೇಳಿದೆ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು.

ಮರುದಿನ ಬಾಗಿಲು ತೆಗೆದರೆ ಜಗಲಿಯಲ್ಲಿ ನಮ್ಮ ಏಣಿ, ಎರಡು ಕೊಡೆ, ಒಂದು ಕತ್ತಿ! ನೆರೆಯವರು ಎಂದೋ ಎರವಲು ಒಯ್ದು ಮರೆತದ್ದೆಲ್ಲ ಹಾಯ್ಗುಳಿಗೆ ಹೆದರಿ ಮರಳಿ ಬಂದಿತ್ತು. ಶನಿವಾರ ಹಂಡೆಯೂ ಬಂತು.

"ಹ್ವಾಯ್, ಇದ್ ನಮ್ದಲ್ಲ. ನಮ್ದ್ ಇಷ್ಟ್ ದೊಡ್ಡದಿರ್ಲಿಲ್ಲೆ" ಎಂದಳು ಬಾಗಿ.

"ದೈವದ ಕೈಯಂಗ್ ಹೋಯ್ ಬಂದದ್ದಲ್ದಾ, ಹಿಗ್ಗಿತ್ತ್. ಸುಮ್ನಿರ್ ಮಾರಾಯ್ತಿ!"

ಹಿಗ್ಗಿದ ಹಂಡೆ ಒಲೆಯ ಮೇಲೆ ಕೂರಲಿಲ್ಲ. ನಾನು ಬಿಡುವವನೇ? ಒಲೆಯ ಬಾಯಿಯನ್ನೇ ಒಡೆದು ಅಗಲ ಮಾಡಿ ಕೂರಿಸಿದೆ.

ಭಾನುವಾರ ಮಾವ ಬಂದರು, ಬಚ್ಚಲಿಗೆ ಹೋದರು. ನೀರಿನ ಸದ್ದೇ ಇಲ್ಲ.

"ಹ್ವಾಯ್ ಅಳಿಯ್ರೇ! ಸ್ವಲ್ಪ ಇಲ್ ಬನ್ನಿ!"

ಹೋದೆ. ಟವೆಲು ಸುತ್ತಿಕೊಂಡಿದ್ದ ಮಾವ ಹಂಡೆಯ ಕತ್ತಿನ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದ್ದರು. ಅಲ್ಲಿ ಕೊರೆದಿದ್ದ ಅಕ್ಷರಗಳು ಸ್ಪಷ್ಟವಾಗಿದ್ದವು: 'ಭೋಜ, ಉಪ್ಪುಂದ'. ಸಾಕ್ಷಾತ್ ಮಾವನ ಹೆಸರು!

"ಇದ್ ನಮ್ಮನಿ ಹಂಡಿ! ಹೋದ್ ತಿಂಗ್ಳ್ ಯಾರೋ ಕದ್ಕಂಡ್ ಹೋಯಿದ್ರ್. ನಾಚ್ಕಿ ಅಂದೇಳಿ ಯಾರಿಗೂ ಹೇಳ್ಲಿಲ್ಲೆ. ಕಳ್ಳನ್ ತೋರ್ಸ್ ಅಂದೇಳಿ ಹಾಯ್ಗುಳಿ ಹತ್ರ ಹೇಳ್ಕಂಡಿದ್ದೆ. ಈಗ ತೋರ್ಸ್ತ್!"

ಎರಡೂ ಮನೆಯ ಹಂಡೆ ಕದ್ದಿದ್ದ ಕಳ್ಳ ಹೆದರಿ, ಗಡಿಬಿಡಿಯಲ್ಲಿ ನಮ್ಮದರ ಬದಲು ಮಾವನ ಹಂಡೆಯನ್ನು ನಮ್ಮ ಜಗಲಿಯಲ್ಲಿಟ್ಟು ಹೋಗಿದ್ದ. ಇದನ್ನು ಬಿಡಿಸಿ ಹೇಳಲು ಹೊರಟರೆ ಕಳ್ಳ, ಅಳಿಯ, ದೈವ ಎಲ್ಲ ನನ್ನ ಬಾಯಲ್ಲೇ ಕಲಸಿಹೋದರು.

"ಬಾಗೀ, ನೀನಾದ್ರೂ ಹೇಳ್!" ಎಂದು ಅಂಗಲಾಚಿದೆ.

"ಇದ್ ನಮ್ದಲ್ಲ ಅಂದೇಳಿ ನಾ ಆಗ್ಳೇ ಹೇಳಿದ್ದೆ ಅಪ್ಪಯ್ಯ. ಇವ್ರೇ ಒಲಿ ಒಡ್ದ್ ಕೂರ್ಸಿದ್ರ್" ಎಂದಳು, ನನ್ನ ಪರವಾಗಿ!

ಮಾವ ಟವೆಲನ್ನು ಬಿಗಿ ಮಾಡಿಕೊಂಡರು. "ಅದಿರ್ಲಿ ಅಳಿಯ್ರೇ. ನಾ ಮಗಳಿಗ್ ಕೊಟ್ಟ ಹಂಡಿ ಎಲ್ಲ್ ಮಾರಿದ್ರಿ?"

ಅಪ್ಪ, ಮಗಳು ಇಬ್ಬರೂ ನನ್ನ ಮುಖವನ್ನೇ ನೋಡುತ್ತ ನಿಂತರು. ಅವರು ನೋಡಿದ ರೀತಿಗೆ, ಎಲ್ಲಿ ಮಾರಿರಬಹುದು ಎಂದು ನಾನೂ ಯೋಚಿಸತೊಡಗಿದೆ.