ಸಿಮೆಂಟ್ ಕಪ್ಪೆಯ ಗಂಟಲಲ್ಲಿ ನಲವತ್ತು ನಿಮಿಷ

ಹಳೆಯ ಉದ್ಯಾನದ ಮೂಲೆಯಲ್ಲಿ, ಬಸವನಹುಳುವಿಗೂ ಮೊಸಳೆಗೂ ನಡುವೆ, ಐವತ್ತು ವರ್ಷಗಳಿಂದ ತೆರೆದ ಬಾಯಿ ಮುಚ್ಚದೆ ಕುಳಿತಿರುವ ಹಸಿರು ಸಿಮೆಂಟ್ ಕಪ್ಪೆಯವರ ಸನ್ನಿಧಾನಕ್ಕೆ, ಮನೆ ಸಾಮಾನು ಸಾಗಿಸುವ ಕಸುಬಿನವನೊಬ್ಬ ಎರಡೂ ಕೈ ಜೋಡಿಸಿ (ಎಡ ಮೊಣಕೈ ತರಚಿರುವುದರಿಂದ ಆದಷ್ಟು ಮಟ್ಟಿಗೆ ಜೋಡಿಸಿ) ಮಾಡಿಕೊಳ್ಳುವ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ತಮ್ಮ ಮುಂದೆ ನೆಟ್ಟಿರುವ ಹೊಸ ಫಲಕದಿಂದ ತಿಳಿದು ಪರಮ ಸಂತೋಷವಾಯಿತು. ತಮ್ಮನ್ನು ಈ ವರ್ಷ ಪಾರಂಪರಿಕ ಆಟಿಕೆಯೆಂದು ಘೋಷಿಸಲಾಗಿದೆಯೆಂದೂ, ತಮ್ಮ ಬೆನ್ನಿನ ಒಂಬತ್ತು ಮೆಟ್ಟಿಲು, ಕುತ್ತಿಗೆಯ ಹಿಂದಿನ ಕಿಂಡಿ, ಒಳಗಿನ ಗಂಟಲು, ಹೊರಗೆ ಚಾಚಿಕೊಂಡು ಜಾರುಬಂಡೆಯಾಗಿರುವ ಕೆಂಪು ನಾಲಿಗೆ ಇವೆಲ್ಲವನ್ನೂ ಮೂಲರೂಪದಲ್ಲೇ ಕಾಪಾಡಲಾಗುವುದೆಂದೂ, ತಮ್ಮ ಮೈಮೇಲೆ ಒಂದು ಗೆರೆ ಎಳೆದರೂ ದಂಡ ವಿಧಿಸಲಾಗುವುದೆಂದೂ ಅದರಲ್ಲಿ ಬರೆದಿದೆ. ಒಳಗೆ ಸಿಕ್ಕಿಹಾಕಿಕೊಂಡವರನ್ನು ಕಾಪಾಡುವ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ. ನನ್ನ ದೂರು ಇರುವುದು ಆ ವಿಷಯದಲ್ಲೇ.

ದೂರು ಕೊಡುವವನ ಕೈ ಚೊಕ್ಕವಾಗಿರಬೇಕಾದ್ದರಿಂದ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನನ್ನ ಐದು ವರ್ಷದ ಮಗಳು ಊಟದ ಹೊತ್ತಿಗೆ ಬಾಯಿಗೆ ಬೀಗ ಜಡಿದುಕೊಂಡು ಕೂರುವವಳು. ಆ ಬೀಗ ತೆಗೆಯಲು ನಾನು ಕಂಡುಕೊಂಡ ಕೀಲಿಕೈ ತಾವೇ. ನಾನು ಚಿಕ್ಕವನಿದ್ದಾಗ ಒಂದು ದೊಡ್ಡ ಕಪ್ಪೆ ನನ್ನನ್ನು ನುಂಗಿತ್ತು, ನಾನು ಅದರ ಗಂಟಲಿನಿಂದ ಜಾರಿ ಹೊರಗೆ ಬಂದೆ ಎಂದು ಶುರು ಮಾಡಿದೆ. ಒಂದು ತುತ್ತು ಒಳಗೆ ಹೋಯಿತು. ಕಥೆಗೆ ಅಂಥ ಗಿರಾಕಿ ಸಿಕ್ಕಮೇಲೆ ಬಡಾಯಿಗೆ ಕಡಿವಾಣ ಎಲ್ಲಿಯದು! ಮೊದಲ ವಾರ ಒಂದು ಸಲ ಜಾರಿದ್ದವನು, ಮುಂದಿನ ವಾರ ಏಳು ಸಲ ಜಾರಿದೆ. ತಿಂಗಳು ಮುಗಿಯುವಷ್ಟರಲ್ಲಿ ತಲೆ ಮುಂದಾಗಿ, ಕಣ್ಣು ಮುಚ್ಚಿಕೊಂಡು, ನಗುನಗುತ್ತಾ ಜಾರಿದ್ದೆ. ಆರು ವರ್ಷದವನಿದ್ದಾಗ ನಾನು ಒಂಬತ್ತು ಮೆಟ್ಟಿಲು ಹತ್ತಿ, ಕಿಂಡಿಯೊಳಗೆ ಇಳಿದು, ತಮ್ಮ ಗಂಟಲಿನ ಕತ್ತಲೆ ನೋಡಿ ಹೋ ಎಂದು ಅತ್ತದ್ದೂ, ಅಕ್ಕ ಬಂದು ಕಾಲು ಹಿಡಿದು ಹಿಂದಕ್ಕೆ ಎಳೆದುಕೊಂಡದ್ದೂ ತಮಗೆ ಗೊತ್ತು, ನನಗೆ ಗೊತ್ತು, ಅಕ್ಕನಿಗೆ ಗೊತ್ತು. ತಾವು ಸಿಮೆಂಟ್ ಆದ್ದರಿಂದಲೂ ಅಕ್ಕ ಆಣೆ ಮಾಡಿದ್ದರಿಂದಲೂ ಮೂವತ್ತು ವರ್ಷ ನಾನು ನಿಶ್ಚಿಂತೆಯಿಂದಿದ್ದೆ.

ಕಳೆದ ಭಾನುವಾರ ಹೆಂಡತಿಗೆ ಹಗಲು ಪಾಳಿ ಇದ್ದುದರಿಂದ ಇಬ್ಬರು ಮಕ್ಕಳನ್ನೂ ನಾನು ಮತ್ತು ಅಕ್ಕ ತಮ್ಮ ದರ್ಶನಕ್ಕೆ ಹೊರಡಿಸಿದೆವು. ಮಗಳಿಗೆ ಚಪ್ಪಲಿ ಹಾಕುವಷ್ಟರಲ್ಲಿ ಮೂರು ವರ್ಷದ ಮಗ ತನ್ನದನ್ನು ಕಳಚಿ ಬಕೆಟ್ಟಿಗೆ ಹಾಕಿರುತ್ತಿದ್ದ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ ಎಂದು ಹಿರಿಯರು ಹೇಳುವುದು ಇದಕ್ಕೇ ಇರಬೇಕು. ತಮ್ಮ ಕುಲದವರನ್ನು ಎಳೆದು ತಂದದ್ದಕ್ಕೆ ಕ್ಷಮೆಯಿರಲಿ. ಅಂತೂ ಉದ್ಯಾನ ತಲುಪಿದಾಗ ನನ್ನ ಬಾಲ್ಯದ ಬಳಗವೆಲ್ಲ ಹಾಗೆಯೇ ಇತ್ತು. ಮೊಸಳೆಯ ಬೆನ್ನು ಮಕ್ಕಳ ಚಡ್ಡಿ ಉಜ್ಜಿ ಉಜ್ಜಿ ನುಣುಪಾಗಿತ್ತು, ಬಸವನಹುಳುವಿನ ಒಂದು ಕೊಂಬು ಆಗಲೇ ಮುರಿದದ್ದು ಈಗಲೂ ಮುರಿದೇ ಇತ್ತು. ಮಗ ತನ್ನ ಬಿಸ್ಕತ್ತನ್ನು ಮೊಸಳೆಯ ಹಲ್ಲಿಗೆ ಸಿಕ್ಕಿಸಿ, ಅದು ತಿನ್ನುವುದನ್ನೇ ಕಾಯುತ್ತಾ ಕುಳಿತ. ನನಗೆ ಹೇಳಲಾರದಷ್ಟು ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಮಗಳು ತಮ್ಮ ಗಂಟಲಿನಿಂದ ಎರಡು ಸಲ ಸರ್ರೆಂದು ಜಾರಿ ಬಂದು, ಸುತ್ತಲಿನ ಹತ್ತು ಹನ್ನೆರಡು ಮಕ್ಕಳನ್ನು ಒಟ್ಟುಗೂಡಿಸಿ, "ಈಗ ನಮ್ಮಪ್ಪ ಬರ್ತಾರೆ ನೋಡಿ, ತಲೆ ಮುಂದೆ!" ಎಂದು ಸಾರಿಬಿಟ್ಟಳು. ಅತ್ತ ದರಿ, ಇತ್ತ ಪುಲಿ. ಹತ್ತದಿದ್ದರೆ ಮಗಳ ಮುಂದೆ ಮಾನ ಹೋಗುತ್ತದೆ, ಹತ್ತಿದರೆ ಹಳೆಯ ಭಯ ಅಲ್ಲೇ ಕಾದು ಕುಳಿತಿದೆ. ಹತ್ತಿದೆ. ಕಿಂಡಿ ದೊಡ್ಡದಿತ್ತು, ಇಳಿದೆ. ಗಂಟಲಿಗೆ ತಲೆಯಿಟ್ಟೆ, ಭುಜ ದಾಟಿತು, ಕೈಗಳು ದಾಟಿದವು. ಹೊಟ್ಟೆ ದಾಟಲಿಲ್ಲ.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು, ನಾಚಿಕೆಯಾದರೂ. ನಮ್ಮ ಗಾಡಿಯ ಮೇಲೆ 'ಯಾವ ಬೀರುವಾದರೂ ಸರಿ, ಯಾವ ಬಾಗಿಲಾದರೂ ಸರಿ' ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿದ್ದೇವೆ. ಅಕ್ಕನ ಜೇಬಿನಲ್ಲಿ ಸದಾ, ಅಳತೆಗೆಂದು ಸಮದೂರದಲ್ಲಿ ಗಂಟು ಹಾಕಿದ ಒಂದು ದಾರವಿರುತ್ತದೆ. ಅದರಿಂದ ಮೊದಲು ಬಾಗಿಲನ್ನೂ ಆಮೇಲೆ ಸಾಮಾನನ್ನೂ ಅಳೆಯದೆ ನಾವು ಒಂದು ಸ್ಟೂಲನ್ನೂ ಎತ್ತುವವರಲ್ಲ. ಇಪ್ಪತ್ತು ವರ್ಷಗಳಲ್ಲಿ ನಾವು ಅಳೆಯದೆ ಒಳಗೆ ತೂರಿಸಿದ ಏಕೈಕ ಸಾಮಾನು ನಾನು.

ತಮ್ಮ ಸಹನೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಿಸಿ ತುಪ್ಪದಂತೆ ನುಂಗಲೂ ಆಗದೆ ಉಗುಳಲೂ ಆಗದೆ ನನ್ನನ್ನು ಬಾಯಲ್ಲಿಟ್ಟುಕೊಂಡು ತಾವು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಅದೇ ನಗು, ಅದೇ ಗುಡ್ಡೆಗಣ್ಣು. ಹಿಂದೆ ಸರದಿಯಲ್ಲಿದ್ದ ಮಗುವೊಂದು ನನ್ನ ಅಂಗಾಲಿಗೆ ತಟ್ಟಿ, "ಅಂಕಲ್, ಬೇಗ ಜೀರ್ಣ ಆಗಿ, ನಾವೂ ಜಾರಬೇಕು" ಎಂದು ಬಹಳ ಮರ್ಯಾದೆಯಿಂದಲೇ ಕೇಳಿಕೊಂಡಿತು. ಉದ್ಯಾನದ ಕಾವಲುಗಾರರು ಓಡಿ ಬಂದವರು ನೇರ ತಮ್ಮ ತುಟಿಯ ಬಳಿಗೆ ಹೋಗಿ, ಬಣ್ಣ ಕಿತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಚೇರಿಗೆ ಫೋನ್ ಮಾಡಿ, "ಏನೂ ತೊಂದ್ರೆ ಇಲ್ಲ ಸಾರ್, ಕಪ್ಪೆ ಚೆನ್ನಾಗಿದೆ" ಎಂದು ವರದಿ ಒಪ್ಪಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಪಾರಂಪರಿಕ ವಸ್ತುವಿಗೆ ಒರಗುವಂತಿಲ್ಲ ಎಂದು ಎಚ್ಚರಿಸಿದರು.

ಕೊನೆಗೆ ಅಕ್ಕ ಕೆಲಸಕ್ಕಿಳಿದಳು. ಹಿಂದಿನ ಕಿಂಡಿಯಿಂದ ಬಗ್ಗಿ, ದಾರ ಇಳಿಸಿ, "ಗಂಟಲು ನಾಲ್ಕು ಗಂಟು, ಇವನು ನಾಲ್ಕೂವರೆ" ಎಂದು ಊರಿಗೆಲ್ಲ ಕೇಳುವಂತೆ ಘೋಷಿಸಿದಳು. ಬೀರುವಿಗೆ ಮಾಡುವುದನ್ನೆಲ್ಲ ನನಗೂ ಮಾಡಿದಳು: ಖಾನೆಗಳನ್ನು ಖಾಲಿ ಮಾಡುವಂತೆ ಜೇಬುಗಳನ್ನು ಖಾಲಿ ಮಾಡಿದಳು, ಬೆಲ್ಟು ಕಳಚಿದಳು, ಓರೆಯಾಗಿ ತಿರುಗಿಸಿದಳು. ಆಮೇಲೆ ನನ್ನ ಎರಡೂ ಪಾದ ಹಿಡಿದುಕೊಂಡು, ನನಗೊಬ್ಬನಿಗೇ ಕೇಳುವಂತೆ, "ಹಿಂದಕ್ಕೆ ಎಳೀಲಾ, ಮುಂದಕ್ಕೆ ತಳ್ಳಲಾ?" ಎಂದಳು.

ಮಾನ್ಯರೇ, ಆ ಕ್ಷಣದಲ್ಲಿ ತಮ್ಮ ಗಂಟಲಲ್ಲಿದ್ದವನಿಗೆ ಮೂವತ್ತಾರಲ್ಲ, ಆರೇ ವರ್ಷ. ಕೆಳಗೆ ಉದ್ದಕ್ಕೆ ಹರಡಿದ ಕೆಂಪು ನಾಲಿಗೆ, ಅದರ ತುದಿಯಲ್ಲಿ ಎರಡು ಕೈ ಚಾಚಿ ನಿಂತ ನನ್ನ ಮಗಳು. ಸುಳ್ಳು ಹೇಳಿಕೊಂಡು ಜಾರುವುದು ನನ್ನಿಂದಾಗಲಿಲ್ಲ. "ಪುಟ್ಟಿ, ನಾನು ಇದರಲ್ಲಿ ಯಾವತ್ತೂ ಜಾರಿಲ್ಲಮ್ಮ. ಹೆದರಿ ಅತ್ತು ವಾಪಸ್ ಹೋಗಿದ್ದೆ" ಎಂದುಬಿಟ್ಟೆ, ಅಷ್ಟೂ ಮಕ್ಕಳ ಎದುರಿಗೆ.

ಅವಳು ಕೈ ಕೆಳಗಿಳಿಸಲಿಲ್ಲ. "ಗೊತ್ತು. ಅತ್ತೆ ಯಾವಾಗ್ಲೋ ಹೇಳಿದಾರೆ. ಅದಕ್ಕೇ ತಾನೇ ನಾನು ಕೆಳಗೆ ನಿಂತಿರೋದು? ಬಾ, ಹಿಡ್ಕೋತೀನಿ" ಎಂದಳು.

ಗೊತ್ತಿದ್ದೂ ಆ ಹುಡುಗಿ ಅಷ್ಟು ದಿನ ಅಷ್ಟು ತುತ್ತುಗಳ ಜೊತೆಗೆ ನನ್ನ ಸುಳ್ಳನ್ನೂ ನುಂಗಿದ್ದಳು. ನನ್ನ ಉಸಿರೆಲ್ಲ ಹೊರಗೆ ಹೋಯಿತು. ಅರ್ಧ ಗಂಟು ಕಡಿಮೆಯಾಗಿರಬೇಕು. "ತಳ್ಳು" ಎಂದೆ. ಅಕ್ಕ ತಳ್ಳಿದಳು. ಕಣ್ಣು ಮುಚ್ಚಿಕೊಂಡಿದ್ದೆ, ತಲೆ ಮುಂದಾಗಿತ್ತು, ನಗುತ್ತಿದ್ದೆನೋ ಕಿರುಚುತ್ತಿದ್ದೆನೋ ಮಕ್ಕಳನ್ನೇ ಕೇಳಬೇಕು. ಮಗಳು ಹಿಡಿದುಕೊಂಡಳು, ಇಬ್ಬರೂ ಒಟ್ಟಿಗೆ ಮರಳಿಗೆ ಬಿದ್ದೆವು.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಮುಂದಿನ ಐವತ್ತು ವರ್ಷಗಳಲ್ಲಿ ತಮಗೆ ಪುರುಸೊತ್ತಾದಾಗ ಗಂಟಲನ್ನು ಅರ್ಧ ಗಂಟಿನಷ್ಟು ಹಿಗ್ಗಿಸಿಕೊಳ್ಳಬೇಕು, ಮೂಲರೂಪಕ್ಕೆ ಧಕ್ಕೆ ಬಾರದಂತೆ. ಅದಾಗದಿದ್ದರೆ, ಬಡಾಯಿ ಕೊಚ್ಚಿದ ತಂದೆತಾಯಿಗಳು ಮೆಟ್ಟಿಲು ಹತ್ತುವುದು ಕಂಡ ಕೂಡಲೇ ತಾವು ಎದ್ದು ಪಕ್ಕದ ಕೊಳಕ್ಕೆ ನೆಗೆದುಬಿಡಬೇಕು. ಅದೂ ಆಗದಿದ್ದರೆ, ಹೀಗೆಯೇ ಬಾಯಿ ತೆರೆದುಕೊಂಡಿರಿ. ನನ್ನ ಮಗನಿಗೆ ಇನ್ನೂ ಮೂರು ವರ್ಷ. ಮೆಟ್ಟಿಲ ಬುಡದವರೆಗೆ ಬಂದು ತಮ್ಮ ಕಣ್ಣು ನೋಡಿ ವಾಪಸ್ ಓಡಿದ್ದಾನೆ. ಅವನಿಗೆ ನಾನು ಯಾವ ಕಥೆಯನ್ನೂ ಹೇಳಿಲ್ಲ. ಕೆಳಗೆ ನಿಂತುಕೊಳ್ಳುತ್ತೇನೆ ಎಂದಷ್ಟೇ ಹೇಳಿದ್ದೇನೆ.

ತಮ್ಮ ಬಾಯಿಂದ ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ಬಂದ,
ತಮ್ಮ ವಿಶ್ವಾಸಿ,
ನಾಲ್ಕೂವರೆ ಗಂಟಿನವನು

ತಾ.ಕ.: ನನ್ನ ಅಂಗಿಯ ಒಂದು ಗುಂಡಿ ತಮ್ಮ ಗಂಟಲಲ್ಲೇ ಉಳಿದಿದೆ. ತೆಗೆದುಕೊಡಿ ಎಂದು ಕೇಳಿದ್ದಕ್ಕೆ, ಪಾರಂಪರಿಕ ಆಟಿಕೆಯೊಳಗಿಂದ ಏನನ್ನೂ ತೆಗೆಯುವಂತಿಲ್ಲ ಎಂದು ಕಾವಲುಗಾರರು ಹೇಳಿದರು. ಹೀಗಾಗಿ ನಮ್ಮ ಮನೆತನದ ಒಂದು ಗುಂಡಿಯೂ ಈಗ ಪಾರಂಪರಿಕವಾಗಿದೆ. ದಂಡದ ಭಯವಿರುವುದರಿಂದ ತಾವು ಅದನ್ನು ಜೋಪಾನವಾಗಿ ನೋಡಿಕೊಳ್ಳತಕ್ಕದ್ದು. ಇನ್ನು ಮುಂದೆ ಪ್ರತಿ ಭಾನುವಾರ ಮಗಳು ಜಾರುವ ಮುನ್ನ ಎಣಿಸಿ ನೋಡುತ್ತಾಳೆ.